‘ಎಷ್ಟು ತಾಸು?’: ವಿಮಾನದ ದೂರ, ಸಮಯ ನಾನು ಲೆಕ್ಕ ಹಾಕುವ ಬಗೆ

ಕಾರವಾರದಲ್ಲಿ ಟಿಕೆಟ್ ಮಾಡಿಸಲು ಬಂದವರು ದರಕ್ಕಿಂತ ಮೊದಲು ಕೇಳುವುದು ‘ಎಷ್ಟು ತಾಸು?’ ಎಂದು. ದೂರವನ್ನು ವೇಗದಿಂದ ಭಾಗಿಸಿ ಹೇಳಿದರೆ ಅದು ಟಿಕೆಟ್ಟಿನ ಸಮಯಕ್ಕೆ ತಾಳೆಯಾಗುವುದಿಲ್ಲ.

ಮೊದಲು ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬರೆದುಕೊಳ್ಳುತ್ತೇನೆ. ಗೋವಾದ ದಾಬೋಲಿಮ್ 15.38, 73.83, ದೆಹಲಿ 28.57, 77.10. 15 ಡಿಗ್ರಿ 23 ಮಿನಿಟು ಎಂದಿದ್ದರೆ ಅದು 15.23 ಅಲ್ಲ, 23ನ್ನು 60ರಿಂದ ಭಾಗಿಸಬೇಕು. ಇಲ್ಲಿ ತಪ್ಪಿದರೆ ಹದಿನೇಳು ಕಿ.ಮೀ. ಅಲ್ಲೇ ಹೋಯಿತು.

ಅಕ್ಷಾಂಶದ ವ್ಯತ್ಯಾಸ 13.19. ರೇಖಾಂಶದ್ದು 3.27, ಉತ್ತರಕ್ಕೆ ಹೋದಂತೆ ರೇಖಾಂಶಗಳು ಹತ್ತಿರವಾಗುವುದರಿಂದ ಇದನ್ನು ನಡುವಿನ ಅಕ್ಷಾಂಶ 22ರ ಕೊಸೈನ್‌ನಿಂದ (0.927) ಗುಣಿಸಿದರೆ 3.03. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 13.53 ಡಿಗ್ರಿ. ಡಿಗ್ರಿಗೆ 60 ನಾಟಿಕಲ್ ಮೈಲಿ, ಅಂದರೆ 111.1 ಕಿ.ಮೀ.; ಒಟ್ಟು ಸುಮಾರು 1,500 ಕಿ.ಮೀ.

ತಾಸಿಗೆ 800 ಕಿ.ಮೀ. ಹಿಡಿದರೆ 1 ತಾಸು 53 ನಿಮಿಷ. ಅದಕ್ಕೆ 40 ನಿಮಿಷ ಸೇರಿಸುತ್ತೇನೆ. ಟಿಕೆಟ್ಟಿನ ಸಮಯ ಗಾಳಿಯಲ್ಲಿದ್ದ ಸಮಯವಲ್ಲ. ವಿಮಾನ ನಿಂತ ಜಾಗದಿಂದ ಕದಲಿದಾಗಿನಿಂದ ಇನ್ನೊಂದು ಕಡೆ ಹೋಗಿ ನಿಲ್ಲುವವರೆಗಿನದು. ರನ್‌ವೇಗೆ ಸಾಗುವುದು, ಏರುವುದು, ಇಳಿಯುವ ಸರದಿಗೆ ಕಾಯುವುದು ಎಲ್ಲ ಅದರಲ್ಲೇ ಬಂತು. ಎರಡೂವರೆ ತಾಸು ಅಂದುಬಿಡಬಹುದು.

ಲಂಡನ್‌ನಂಥ ದೂರಕ್ಕೆ, ಭೂಮಿ ಚಪ್ಪಟೆ ಎಂದುಕೊಂಡು ಮಾಡುವ ಈ ಲೆಕ್ಕ ಕೈಕೊಡುತ್ತದೆ. ಬೆಂಗಳೂರಿನಿಂದ ಹೀಥ್ರೂಗೆ 8,480 ಕಿ.ಮೀ. ತೋರಿಸುತ್ತದೆ, ಇರುವುದು ಸುಮಾರು 8,040. ಅಲ್ಲಿ ಗೋಳದ ಸೂತ್ರವೇ ಬೇಕು: ಎರಡು ಅಕ್ಷಾಂಶಗಳ ಸೈನ್‌ಗಳ ಗುಣಲಬ್ಧಕ್ಕೆ, ಅವುಗಳ ಕೊಸೈನ್‌ಗಳನ್ನೂ ರೇಖಾಂಶ ವ್ಯತ್ಯಾಸದ ಕೊಸೈನ್‌ನ್ನೂ ಗುಣಿಸಿ ಬಂದದ್ದನ್ನು ಕೂಡಿಸಿ, ವಿಲೋಮ ಕೊಸೈನ್ ತೆಗೆಯಬೇಕು. 72.4 ಡಿಗ್ರಿ ಬರುತ್ತದೆ, ಅದನ್ನು 111.1ರಿಂದ ಗುಣಿಸಿದರೆ ಕಿ.ಮೀ. ಮೊಬೈಲ್ ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ರೇಡಿಯನ್‌ನಲ್ಲಿದ್ದರೆ ಉತ್ತರ ಪೂರ್ತಿ ಎಡವಟ್ಟು. ಹೀಥ್ರೂ ಗ್ರೀನಿಚ್‌ಗೆ ಪಶ್ಚಿಮದಲ್ಲಿದೆ, ಅದರ ರೇಖಾಂಶ 0.45ನ್ನು ಬೆಂಗಳೂರಿನದಕ್ಕೆ ಕೂಡಬೇಕೇ ಹೊರತು ಕಳೆಯಬಾರದು.

ದೂರ ಒಂದೇ ಆದರೂ ಹೋಗಲು ಹತ್ತೂವರೆ ತಾಸಿನ ಮೇಲೆ, ಬರಲು ಹತ್ತರ ಆಸುಪಾಸು. ಎತ್ತರದಲ್ಲಿ ಪಶ್ಚಿಮದಿಂದ ಜೋರಾಗಿ ಬೀಸುವ ಗಾಳಿ, ಜೆಟ್ ಸ್ಟ್ರೀಮ್, ಹೋಗುವಾಗ ಎದುರಾಗುತ್ತದೆ, ಬರುವಾಗ ಬೆನ್ನಿಗಿರುತ್ತದೆ. ಪಾಕಿಸ್ತಾನ 2025ರ ಏಪ್ರಿಲ್‌ನಲ್ಲಿ ತನ್ನ ವಾಯುಪ್ರದೇಶವನ್ನು ನಮ್ಮ ದೇಶದ ವಿಮಾನಗಳಿಗೆ ಮುಚ್ಚಿದ ಮೇಲೆ ಅವುಗಳಿಗೆ ಸುತ್ತು ಇನ್ನೂ ಹೆಚ್ಚು. ಇದು ಯಾವ ಸೂತ್ರದಲ್ಲೂ ಸಿಗುವುದಿಲ್ಲ.

ಟಿಕೆಟ್ಟಿನ ಎರಡೂ ಸಮಯ ಆಯಾ ಊರಿನವು. ಬೆಳಿಗ್ಗೆ 7ಕ್ಕೆ ಹೊರಟು ಮಧ್ಯಾಹ್ನ 1ಕ್ಕೆ ಲಂಡನ್ ಎಂದಿದ್ದರೆ ಆರು ತಾಸಲ್ಲ. ಬೇಸಿಗೆಯಲ್ಲಿ ನಾಲ್ಕೂವರೆ ಸೇರಿಸಿ, ಚಳಿಗಾಲದಲ್ಲಿ ಐದೂವರೆ.

ನಮ್ಮ ಕಡೆಯವರು ನಿಜವಾಗಿ ಎಡವುವುದು ನೆಲದ ಮೇಲೆ. ಶಿರಸಿಯವರಿಗೆ ಹುಬ್ಬಳ್ಳಿ ಇದೆ, ತೊಂದರೆಯಿಲ್ಲ. ಕಾರವಾರ, ಅಂಕೋಲೆಯವರ ಟಿಕೆಟ್ಟಿನಲ್ಲಿ ‘ಗೋವಾ’ ಎಂದಷ್ಟೇ ನೋಡಿ ಸುಮ್ಮನಾಗಬಾರದು: ನಿಲ್ದಾಣದ ಸಂಕೇತ ಜಿಓಐ ಅಂದರೆ ದಾಬೋಲಿಮ್, ಜಿಓಎಕ್ಸ್ ಅಂದರೆ ಗೋವಾದ ಉತ್ತರ ತುದಿಯ ಮೋಪಾ. ಮೋಪಾ ಆದರೆ ಮಡಗಾಂವ್, ಪಣಜಿ ದಾಟಿಯೂ ಮುಂದೆ ಹೋಗಬೇಕು. ದಾಬೋಲಿಮ್‌ಗೆ ಹೊರಡುವುದಕ್ಕಿಂತ ಒಂದೂವರೆ ತಾಸು ಮೊದಲೇ ಮನೆಯಿಂದ ಹೊರಡಿ ಅನ್ನುತ್ತೇನೆ.