ಕತ್ತರಿಸು, ಅಂಟಿಸು: ಸ್ಪ್ಲೈಸಿಂಗ್ ಸಿಸ್ಟಮ್ ಕಟ್ಟಿದ ನನ್ನ ಅನುಭವ

ಮಂಡ್ಯದ ಬಿಎಸ್ಸಿ ಮಕ್ಕಳಿಗೆ ಈ ವಿಷಯವನ್ನು ಕಬ್ಬಿನಿಂದ ಶುರುಮಾಡುತ್ತೇನೆ. ಬಿತ್ತನೆ ಕಬ್ಬು ತುಂಡರಿಸುವವರು ಗೆಣ್ಣು ನೋಡಿ ಮಚ್ಚು ಇಡುತ್ತಾರೆ. ಡಿಎನ್‌ಎ ಕಡಿಯುವ ಕಿಣ್ವವೂ ತನ್ನ ಗುರುತಿನ ಅಕ್ಷರಗಳನ್ನು ಕಂಡರಷ್ಟೇ ಕಡಿಯುತ್ತದೆ. 1987ರಲ್ಲಿ ಗಣಿತಜ್ಞ ಟಾಮ್ ಹೆಡ್ ಇದನ್ನು ‘ಸ್ಪ್ಲೈಸಿಂಗ್ ಸಿಸ್ಟಮ್’ ಆಗಿ ಗಣಿತಕ್ಕೆ ತಂದರು: ಕೆಲವು ಮೂಲಪದಗಳು, ಕತ್ತರಿಸಿ ಅಂಟಿಸುವ ಕೆಲವು ನಿಯಮಗಳು, ಅವುಗಳಿಂದ ಹುಟ್ಟುವ ಪದಗಳೆಲ್ಲ ಸೇರಿ ಒಂದು ಭಾಷೆ.

ಮೊದಲು ಚೌಕುಳಿ ಹಾಳೆ. 12 ಮನೆ ಉದ್ದ, 2 ಮನೆ ಅಗಲದ ಪಟ್ಟಿಗಳು. ಮೇಲೊಂದು ಎಳೆ, ಕೆಳಗೆ ಅದರ ಜೋಡಿ. ಒಂದರ ನಡುವೆ ಜಿ-ಜಿ-ಎ-ಟಿ-ಸಿ-ಸಿ (ಬ್ಯಾಮ್ ಎಚ್ 1 ಎಂಬ ಕಿಣ್ವ ಕಡಿಯುವ ಜಾಗ), ಇನ್ನೊಂದರಲ್ಲಿ ಎ-ಜಿ-ಎ-ಟಿ-ಸಿ-ಟಿ (ಬಿಜಿಎಲ್ 2 ಕಿಣ್ವದ್ದು). ಮೇಲಿನ ಎಳೆಯನ್ನು ಮೊದಲ ಅಕ್ಷರದ ನಂತರ, ಕೆಳಗಿನದನ್ನು ನಾಲ್ಕು ಮನೆ ಬಲಕ್ಕೆ ಸರಿದು ಕತ್ತರಿಸಬೇಕು. ನೇರವಾಗಿ ಕತ್ತರಿಸಿದರೆ ಅಂಟುವ ತುದಿಯೇ ಇರುವುದಿಲ್ಲ. ಆಮೇಲೆ ಒಂದರ ಎಡತುಂಡಿಗೆ ಇನ್ನೊಂದರ ಬಲತುಂಡನ್ನು ಅಡ್ಡಜೋಡಿಯಾಗಿ ಅಂಟಿಸಬೇಕು. ಎಡತುದಿಗೆ ಬಾಣ ಹಾಕಿಸಿ. ಪಟ್ಟಿ ತಲೆಕೆಳಗಾದರೂ ತುದಿ ಕೂಡುತ್ತದೆ, ಆಗ ನಿಯಮದಲ್ಲಿಲ್ಲದ ಪದ ಬರುತ್ತದೆ. ಅಡ್ಡಜೋಡಿಯಾಗಿ ಅಂಟಿಸಿದ ಜಾಗವನ್ನು ಈ ಎರಡೂ ಕಿಣ್ವಗಳು ಮತ್ತೆ ಕಡಿಯಲಾರವು.

ಆಮೇಲೆ ಇದನ್ನೇ ಕಂಪ್ಯೂಟರ್‌ನಲ್ಲಿ, ಪೈಥಾನ್ ಕೋಡ್ ಬರೆದು. ಮೂಲಪದ ‘ಚಕಗಟ’ ಒಂದೇ. ನಿಯಮ: ಮೊದಲ ಪದವನ್ನು ಗ–ಟ ನಡುವೆ, ಎರಡನೆಯದನ್ನು ಚ–ಕ ನಡುವೆ ಕತ್ತರಿಸಿ ಅದಲುಬದಲು ಅಂಟಿಸು. ‘ಚಕಗಕಗಟ’ ಬರುತ್ತದೆ, ಜೊತೆಗೆ ‘ಚಟ’ ಮಿಗುತ್ತದೆ. ಹೆಸರಿಗೆ ಚಟ, ಆದರೆ ಮುಂದೆ ಯಾವುದಕ್ಕೂ ಅಂಟಿಕೊಳ್ಳುವುದಿಲ್ಲ! 5 ಸುತ್ತಿಗೆ ಒಟ್ಟು 33 ಪದ, ಅತಿ ಉದ್ದದ್ದು 66 ಅಕ್ಷರ. ಲೆಕ್ಕ ತಪ್ಪಿದರೆ ಕೋಡ್ ತಪ್ಪಿದೆ.

ಸಾಮಾನ್ಯವಾಗಿ ತಪ್ಪುವುದು ಜೋಡಿ ಮಾಡುವಲ್ಲಿ. ಬೇರೆ ಬೇರೆ ಪದಗಳನ್ನಷ್ಟೇ ಜೋಡಿಸಿದರೆ ಇಲ್ಲಿ ಏನೂ ಹುಟ್ಟದು. ಪ್ರನಾಳದಲ್ಲಿ ಒಂದೇ ಅಣುವಿನ ಕೋಟಿಗಟ್ಟಲೆ ಪ್ರತಿಗಳಿರುತ್ತವೆ, ಹಾಗಾಗಿ ಪದ ತನ್ನೊಂದಿಗೂ ಕೂಡಬೇಕು. ಹೊಸ ಪದಗಳನ್ನು ಬೇರೆ ಸೆಟ್‌ನಲ್ಲಿಡಿ (ಸೆಟ್ ಎಂದರೆ ಪೈಥಾನ್‌ನಲ್ಲಿ ಪದಗಳನ್ನಿಡುವ ಗುಂಪು). ಸುತ್ತುತ್ತಿರುವ ಸೆಟ್‌ಗೇ ಸೇರಿಸಿದರೆ ಪೈಥಾನ್ ನಿಂತುಬಿಡುತ್ತದೆ. ‘ಕಾ’ದಂಥ ಅಕ್ಷರ ಬೇಡ, ಅದನ್ನು ಎರಡೆಂದು ಎಣಿಸುತ್ತದೆ. ಉದ್ದಕ್ಕೆ ಮಿತಿ ಹಾಕದೆ ವಿಧಿಯಿಲ್ಲ, ಆದರೆ ಉದ್ದದ ಪದದ ಮೂಲಕವಷ್ಟೇ ಬರುವ ಗಿಡ್ಡ ಪದ ತಪ್ಪಿಹೋಗಬಹುದು. ಮಿತಿಯನ್ನು ದುಪ್ಪಟ್ಟು ಮಾಡಿ ಹೋಲಿಸಿ ನೋಡುತ್ತೇನೆ.

ಮೂಲಪದ, ನಿಯಮ ಎರಡೂ ಪರಿಮಿತವಾಗಿದ್ದರೆ ಬರುವುದು ರೆಗ್ಯುಲರ್ ಭಾಷೆಯೇ, ಅಂದರೆ ಪರಿಮಿತ ನೆನಪಿನ ಸರಳ ಯಂತ್ರ ಗುರುತಿಸಬಲ್ಲ ಭಾಷೆ. ತಿರುಗುಮುರುಗು ನಿಜವಲ್ಲ: ರೆಗ್ಯುಲರ್ ಭಾಷೆಗಳೆಲ್ಲ ಹೀಗೆ ಹುಟ್ಟುವುದಿಲ್ಲ. ಬರೀ ‘ಕ’ಗಳಿರುವ, ಸಮಸಂಖ್ಯೆಯ ಉದ್ದದ ಪದಗಳನ್ನು ಮಾತ್ರ ಹುಟ್ಟಿಸಲು ಕೊಡಿ: ನಿಯಮಕ್ಕೆ ಕಾಣುವುದು ಅಕ್ಕಪಕ್ಕದ ಕೆಲವು ಅಕ್ಷರ, ಕತ್ತರಿ ಬೆಸ ಜಾಗಕ್ಕೂ ಬೀಳುತ್ತದೆ, ‘ಕಕಕ’ದಂಥ ಬೆಸ ಪದ ನುಸುಳಿಯೇ ನುಸುಳುತ್ತದೆ.