ಕೋಡ್ ಬರೆಯದೆ ಕ್ಯಾರಿಯರ್ ಊಟದ ಸ್ಟಾರ್ಟಪ್: ರಾತ್ರಿ 9ರ ಲೆಕ್ಕ ಹೊಂದಿಸುವುದು ಹೇಗೆ

ಮೈಸೂರಿನಲ್ಲಿ ಕ್ಯಾರಿಯರ್ ಊಟಕ್ಕೆ ಗಿರಾಕಿ ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಸರಸ್ವತೀಪುರಂ, ಕುವೆಂಪುನಗರದ ಪಿಜಿಗಳಲ್ಲಿರುವ ವಿದ್ಯಾರ್ಥಿಗಳು, ಹೆಬ್ಬಾಳದ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೋಗುವವರು, ಮಕ್ಕಳು ದೂರದೂರಿನಲ್ಲಿದ್ದು ಇಬ್ಬರೇ ಉಳಿದಿರುವ ಜಯಲಕ್ಷ್ಮೀಪುರಂನ ಹಿರಿಯರು. ಸಾರು ಚೆನ್ನಾಗಿದ್ದರೆ ಬಾಯಿಮಾತಿನಲ್ಲೇ ಮೂವತ್ತು ಡಬ್ಬಿ ಆಗುತ್ತದೆ. ಕೈಕೊಡುವುದು ಅಲ್ಲಿಂದಾಚೆಗೆ. ಯಾರಿಗೆ ನಾಳೆ ಬೇಡ, ಯಾರ ದುಡ್ಡು ಮುಗಿದಿದೆ, ಯಾರ ಮನೆಯಲ್ಲಿ ಮೂರು ಖಾಲಿ ಡಬ್ಬಿ ಕೂತಿವೆ ಎಂಬುದೆಲ್ಲ ವಾಟ್ಸಾಪಿನ ಮೆಸೇಜುಗಳ ನಡುವೆ ಹೂತುಹೋಗಿರುತ್ತದೆ. ಇದಕ್ಕೊಂದು ಆ್ಯಪ್ ಮಾಡಿಸಬೇಕೆಂದು ಲಕ್ಷಗಟ್ಟಲೆ ಸುರಿಯುವ ಅಗತ್ಯವಿಲ್ಲ. ಒಂದು ಗೂಗಲ್ ಶೀಟು, ಒಂದು ಫಾರ್ಮ್, ಶೀಟನ್ನೇ ಫೋನಿನ ಆ್ಯಪ್ ಮಾಡುವ ಒಂದು ಆ್ಯಪ್‌ಶೀಟ್ ಇದ್ದರೆ ನೂರು ಡಬ್ಬಿಯವರೆಗೆ ಧಾರಾಳವಾಗಿ ನಡೆಯುತ್ತದೆ. ಆದರೆ ದಿನಾ ರಾತ್ರಿ 9ಕ್ಕೆ ಅವು ಒಂದು ಪ್ರಶ್ನೆಗಂತೂ ತಪ್ಪದೆ ಉತ್ತರ ಕೊಡಬೇಕು: ನಾಳೆ ಎಷ್ಟು ಡಬ್ಬಿ?

ಮೊದಲು ನೋಟ್‌ಬುಕ್

ಲ್ಯಾಪ್‌ಟಾಪ್ ತೆರೆಯುವ ಮೊದಲು ಹತ್ತು ಹದಿನೈದು ಗಿರಾಕಿಗಳ ಜೊತೆ ಎರಡು ವಾರ ಬರೀ ನೋಟ್‌ಬುಕ್ಕಿನಲ್ಲಿ ನಡೆಸಿ. ಬಂದ ಪ್ರತಿ ಮೆಸೇಜನ್ನೂ ಒಂದು ಗೆರೆ ಹಾಕಿ ಎಣಿಸಿ: ‘ನಾಳೆ ಬೇಡ’ ಎಷ್ಟು, ‘ದುಡ್ಡು ಹಾಕಿದೀನಿ’ ಎಷ್ಟು, ‘ಮುದ್ದೆ ಬದಲು ಚಪಾತಿ’ ಎಷ್ಟು, ‘ಹುಡುಗ ಇನ್ನೂ ಬಂದಿಲ್ಲ’ ಎಷ್ಟು. ಯಾವುದು ಹೆಚ್ಚೋ ಅದಕ್ಕೆ ಮೊದಲು ವ್ಯವಸ್ಥೆ. ಬಹುತೇಕ ಎಲ್ಲರಿಗೂ ‘ನಾಳೆ ಬೇಡ’ ಅನ್ನುವುದೇ ಮೇಲೆ ಬರುತ್ತದೆ. ಲೋಗೊ, ವೆಬ್‌ಸೈಟು ಕೇಳಿ ಯಾರೂ ಮೆಸೇಜು ಮಾಡುವುದಿಲ್ಲ.

ತಿಂಗಳು ಮಾರಬೇಡಿ, ಊಟ ಮಾರಿ

ತಿಂಗಳಿಗಿಷ್ಟು ಎಂದು ದುಡ್ಡು ತೆಗೆದುಕೊಂಡರೆ ರಜೆ ಹಾಕಿದ ದಿನಗಳನ್ನು ಮುಂದಿನ ತಿಂಗಳಿಗೆ ತಳ್ಳಬೇಕು, ಕೊನೆಯ ದಿನಾಂಕ ತಿದ್ದುತ್ತಲೇ ಇರಬೇಕು, ಜಗಳವೂ ಅಲ್ಲಿಂದಲೇ ಶುರು. ಅದರ ಬದಲು 26 ಊಟದ ಕಟ್ಟು ಮಾರಿ, 60 ದಿನದೊಳಗೆ ಮುಗಿಸಬೇಕೆಂದು ಮೊದಲೇ ಹೇಳಿ. ಒಂದು ಊಟಕ್ಕೆ 90 ರೂಪಾಯಿಯಾದರೆ ಕಟ್ಟಿಗೆ 2,340. ಈಗ ಲೆಕ್ಕ ಸಲೀಸು: ಕೊಂಡ ಊಟದಲ್ಲಿ ಕೊಟ್ಟ ಊಟ ಕಳೆದರೆ ಬಾಕಿ. ಬಾಕಿ 3ಕ್ಕೆ ಇಳಿದ ದಿನ ನೆನಪಿನ ಮೆಸೇಜು ಹೋಗಲಿ.

ಶೀಟಿನಲ್ಲಿ ನಾಲ್ಕು ಹಾಳೆ ಸಾಕು. ‘ಗ್ರಾಹಕರು’ ಹಾಳೆಯಲ್ಲಿ ಗಿರಾಕಿ ನಂಬರ್, ಹೆಸರು, ಫೋನು, ವಿಳಾಸ, ರೂಟು, ದಿನಕ್ಕೆ ಎಷ್ಟು ಡಬ್ಬಿ, ಮುದ್ದೆಯೋ ಚಪಾತಿಯೋ, ಈರುಳ್ಳಿ ಬೆಳ್ಳುಳ್ಳಿ ಆಗುತ್ತದೋ ಇಲ್ಲವೋ. ‘ಹಣ’ ಹಾಳೆಯಲ್ಲಿ ದಿನಾಂಕ, ಗಿರಾಕಿ ನಂಬರ್, ಮೊತ್ತ, ಎಷ್ಟು ಊಟ, ಯುಪಿಐ ಯುಟಿಆರ್ (ಪ್ರತಿ ಪಾವತಿಗೂ ಸಿಗುವ ಗುರುತಿನ ಸಂಖ್ಯೆ). ‘ರಜೆ’ಯಲ್ಲಿ ಗಿರಾಕಿ ನಂಬರ್, ಯಾವತ್ತಿನಿಂದ, ಯಾವತ್ತಿನವರೆಗೆ. ‘ಡೆಲಿವರಿ’ಯಲ್ಲಿ ದಿನಾಂಕ, ಗಿರಾಕಿ ನಂಬರ್, ಡಬ್ಬಿ, ಸ್ಥಿತಿ, ಖಾಲಿ ಡಬ್ಬಿ ಬಂತೋ ಇಲ್ಲವೋ.

ಬಾಕಿ ಊಟವನ್ನು ಯಾರೂ ಕೈಯಿಂದ ಟೈಪ್ ಮಾಡಕೂಡದು. ‘ಹಣ’ ಹಾಳೆಯ ಮೇಲೆ ಒಂದು ಸಮ್‌ಇಫ್ಸ್ (ಷರತ್ತಿಗೆ ಹೊಂದುವ ಸಾಲುಗಳನ್ನಷ್ಟೇ ಕೂಡುವ ಸೂತ್ರ), ‘ಡೆಲಿವರಿ’ ಹಾಳೆಯ ಮೇಲೆ ಇನ್ನೊಂದು, ಎರಡರ ವ್ಯತ್ಯಾಸವೇ ಬಾಕಿ. ದಿನಸಿ ಅಂಗಡಿಯ ಖಾತೆ ಪುಸ್ತಕದ ನಿಯಮವೇ ಇಲ್ಲಿಯೂ: ಹಳೆಯ ಸಾಲು ತಿದ್ದುವಂತಿಲ್ಲ, ಹೊಸ ಸಾಲು ಸೇರಿಸಬೇಕು. ‘ನನ್ನದು ಹದಿನಾಲ್ಕು ಊಟ ಬಾಕಿ ಇರಬೇಕಲ್ಲ, ಹನ್ನೆರಡು ಯಾಕೆ?’ ಎಂದು ಕೇಳಿದಾಗ ತೋರಿಸಲು ಸಾಲುಗಳಿರುತ್ತವೆ. ಬರೀ 12 ಎಂಬ ಅಂಕಿ ಇದ್ದರೆ ವಾದಕ್ಕೆ ಕೊನೆಯಿಲ್ಲ.

ರಜೆಯ ಲೆಕ್ಕ, ಎಲ್ಲರೂ ಎಡವುವ ಜಾಗ

48 ಗಿರಾಕಿ, ಒಟ್ಟು 53 ಡಬ್ಬಿ ಅಂದುಕೊಳ್ಳಿ. ನಾಳೆ 5 ಮನೆಗಳಿಗೆ ರಜೆ, ಅವರದು 7 ಡಬ್ಬಿ. ಆಗಬೇಕಾದ ಅಡುಗೆ 46. ಆದರೆ ಎರಡು ಡಬ್ಬಿಯ ಮನೆಯೊಂದರಲ್ಲಿ ಗಂಡನೂ ಫಾರ್ಮ್ ತುಂಬಿದ, ಹೆಂಡತಿಯೂ ತುಂಬಿದಳು. ಒಟ್ಟು ಡಬ್ಬಿಯಿಂದ ರಜೆ ಡಬ್ಬಿ ಕಳೆಯುವ ಸೂತ್ರ ಹಾಕಿದ್ದರೆ ಉತ್ತರ 44, ಮಧ್ಯಾಹ್ನ ಇಬ್ಬರಿಗೆ ಊಟವಿಲ್ಲ. ಅದಕ್ಕೇ ಕಳೆಯುವ ಲೆಕ್ಕ ಬೇಡ. ‘ಗ್ರಾಹಕರು’ ಹಾಳೆಯ ಪ್ರತಿ ಸಾಲಿನಲ್ಲೂ ಒಂದು ಕೌಂಟ್‌ಇಫ್ಸ್ (ಷರತ್ತಿಗೆ ಹೊಂದುವ ಸಾಲುಗಳನ್ನು ಎಣಿಸುವ ಸೂತ್ರ) ಇಡಿ: ಈ ನಂಬರಿನ ರಜೆ, ಶುರು ದಿನ ಅಡುಗೆ ದಿನಕ್ಕೆ ಸಮ ಅಥವಾ ಮೊದಲು, ಕೊನೆ ದಿನ ಸಮ ಅಥವಾ ನಂತರ. ಉತ್ತರ ಸೊನ್ನೆಗಿಂತ ಹೆಚ್ಚಿದ್ದರೆ ಡಬ್ಬಿ ಸೊನ್ನೆ. ಒಂದು ಸಲ ಹೇಳಿದರೂ ನಾಲ್ಕು ಸಲ ಹೇಳಿದರೂ ಫಲ ಒಂದೇ.

‘ಅಡುಗೆ ದಿನ’ವನ್ನು ಒಂದು ಚೌಕದಲ್ಲಿ ಕೈಯಿಂದಲೇ ಬರೆಯಿರಿ. ಇವತ್ತಿನ ದಿನಾಂಕ ಕೊಡುವ ಟುಡೇ ಸೂತ್ರಕ್ಕೆ ಒಂದು ಸೇರಿಸಿ ‘ನಾಳೆ’ ಮಾಡಿಕೊಳ್ಳುವುದು ಜಾಣತನದಂತೆ ಕಾಣುತ್ತದೆ, ನಡುರಾತ್ರಿ 12 ದಾಟಿದೊಡನೆ ಅದು ಮರುದಿನಕ್ಕೆ ಜಿಗಿಯುತ್ತದೆ. ಬೆಳಿಗ್ಗೆ 5ಕ್ಕೆ ಎದ್ದು ಅಕ್ಕಿ ತೊಳೆಯುವವರು ನೋಡುವುದು ಇವತ್ತಿನ ಪಟ್ಟಿಯನ್ನಲ್ಲ, ನಾಳೆಯದನ್ನು.

ರಜೆ ಹೇಳಲು ಗೂಗಲ್ ಫಾರ್ಮ್ ಕೊಡಿ. ಅದರಲ್ಲಿ ಮೊದಲೇ ತುಂಬಿದ ಲಿಂಕ್ ಮಾಡುವ ಸೌಲಭ್ಯವಿದೆ. ಪ್ರತಿ ಗಿರಾಕಿಯ ನಂಬರ್ ತುಂಬಿದ ಲಿಂಕನ್ನು ಅವರವರಿಗೆ ಕಳಿಸಿ, ದಿನಾಂಕ ಒತ್ತುವುದಷ್ಟೇ ಅವರ ಕೆಲಸ. ಹೆಸರು ಬರೆಯಲು ಬಿಟ್ಟರೆ ಒಬ್ಬರೇ ಮಂಜುಳಾ, ಮಂಜುಳ, ಮಂಜು ಎಂದು ಮೂರು ಜನ ಆಗುತ್ತಾರೆ. ಫಾರ್ಮಿನ ಉತ್ತರ ಬೀಳುವ ಹಾಳೆಯಲ್ಲಿ ಸೂತ್ರ ಬರೆದು ಕೆಳಗೆ ಎಳೆಯಬೇಡಿ. ಪ್ರತಿ ಹೊಸ ಉತ್ತರಕ್ಕೂ ಹೊಸ ಸಾಲು ಸೇರುವುದರಿಂದ ನೀವು ಎಳೆದ ಸೂತ್ರ ಅದಕ್ಕೆ ಅಂಟುವುದಿಲ್ಲ. ಸೂತ್ರಗಳೆಲ್ಲ ಬೇರೆ ಹಾಳೆಯಲ್ಲಿರಲಿ.

ಇನ್ನೊಂದು ಸಣ್ಣ ಸಂಗತಿ, ಆದರೆ ತುಂಬ ಕಾಡುವಂಥದ್ದು. ಅಮೆರಿಕದವರು ಮಾಡಿದ ಟೆಂಪ್ಲೇಟ್ ನಕಲು ಮಾಡಿಕೊಂಡರೆ ಶೀಟಿನ ಗಡಿಯಾರವೂ ಅಲ್ಲಿಯದೇ ಆಗಿರಬಹುದು. ಆಗ ಇಲ್ಲಿ ರಾತ್ರಿ 9:30ಕ್ಕೆ ಬಂದ ರಜೆ ಶೀಟಿನಲ್ಲಿ ಬೆಳಿಗ್ಗೆ 9 ಎಂದು ದಾಖಲಾಗಿ, ‘9 ಗಂಟೆಯೊಳಗೆ ಹೇಳಬೇಕು’ ಎಂಬ ನಿಮ್ಮ ನಿಯಮವನ್ನು ಸಲೀಸಾಗಿ ದಾಟಿಬಿಡುತ್ತದೆ. ಸೆಟ್ಟಿಂಗ್ಸಿಗೆ ಹೋಗಿ ದೇಶ ಇಂಡಿಯಾ, ಟೈಮ್ ಝೋನ್ ಕೋಲ್ಕತಾ ಎಂದು ಮಾಡಿ. ದೇಶ ಸರಿಯಿಲ್ಲದಿದ್ದರೆ 05/06 ಎಂಬುದು ಜೂನ್ 5ರ ಬದಲು ಮೇ 6 ಆಗುತ್ತದೆ. ಫೋನು ಮತ್ತು ಯುಟಿಆರ್ ಕಾಲಂಗಳನ್ನು ಬರೀ ಪಠ್ಯ ಎಂದು ಗುರುತು ಮಾಡಿ, ಇಲ್ಲವಾದರೆ ಮೊದಲ ಸೊನ್ನೆ ಹಾರಿಹೋಗುತ್ತದೆ.

ರಾತ್ರಿ 9ಕ್ಕೆ ಪಟ್ಟಿಯನ್ನು ನಕಲು ಮಾಡಿ ‘ಡೆಲಿವರಿ’ ಹಾಳೆಯ ಕೊನೆಗೆ ಮೌಲ್ಯ ಮಾತ್ರ ಅಂಟಿಸಿ. ಸೂತ್ರ ಅಂಟಿಸಿದರೆ ಹತ್ತು ಗಂಟೆಗೆ ಬಂದ ರಜೆಯಿಂದ ಪಟ್ಟಿ ಬದಲಾಗುತ್ತದೆ, ತರಕಾರಿ ಹೆಚ್ಚಿ ಆಗಿರುತ್ತದೆ. ‘ನೆಂಟರು ಬಂದಿದ್ದಾರೆ, ನಾಳೆ ಎರಡು ಹೆಚ್ಚು ಕಳಿಸಿ’ ಅಂದರೆ ಇಲ್ಲೇ ಒಂದು ಸಾಲು ಸೇರಿಸಿದರಾಯಿತು. ಈ ಎರಡು ನಿಮಿಷದ ಕೆಲಸಕ್ಕೂ ಯಂತ್ರ ಬೇಕು ಅನ್ನಿಸುತ್ತದೆ, ಆದರೆ ಮೊದಲ ಆರು ತಿಂಗಳು ಕೈಯಿಂದಲೇ ಮಾಡಿ. ಪಟ್ಟಿಯ ಮೇಲೆ ದಿನಕ್ಕೊಮ್ಮೆ ಮನುಷ್ಯರ ಕಣ್ಣು ಬೀಳುವುದು ಒಳ್ಳೆಯದು.

ಅಡುಗೆಮನೆಗೆ ಹೋಗುವ ಚೀಟಿ ಚಿಕ್ಕದಾಗಿರಲಿ: ಒಟ್ಟು 46, ಮುದ್ದೆ 29, ಚಪಾತಿ 17, ಈರುಳ್ಳಿ ಇಲ್ಲದ್ದು 4. ಡಬ್ಬಿಗೆ 100 ಗ್ರಾಂ ಅಕ್ಕಿ ಎಂಬುದು ನಿಮ್ಮ ಅಳತೆಯಾದರೆ ಅಕ್ಕಿ 4.6 ಕೆ.ಜಿ., ಮೂರರಂತೆ ಚಪಾತಿ 51. ಗುಣಾಕಾರವನ್ನು ಶೀಟೇ ಮಾಡಲಿ.

ಹುಡುಗರ ಕೈಗೆ ಆ್ಯಪ್

2020ರಲ್ಲಿ ಗೂಗಲ್ ಕೊಂಡ ಆ್ಯಪ್‌ಶೀಟ್, ನಿಮ್ಮ ಶೀಟನ್ನೇ ಫೋನಿನ ಆ್ಯಪ್ ಮಾಡಿಕೊಡುತ್ತದೆ. ಪರೀಕ್ಷಾ ಹಂತದಲ್ಲಿ 10 ಬಳಕೆದಾರರವರೆಗೆ ಉಚಿತ. ಡೆಲಿವರಿ ಹುಡುಗನಿಗೆ ಕಾಣಬೇಕಾದದ್ದು ಅವನ ರೂಟಿನ ಇವತ್ತಿನ ಪಟ್ಟಿ ಮತ್ತು ಕೆಲವು ಗುಂಡಿ: ಕೊಟ್ಟಾಯ್ತು, ಬಾಗಿಲು ಹಾಕಿತ್ತು, ನಮ್ಮ ತಪ್ಪು, ಖಾಲಿ ಡಬ್ಬಿ ಬಂತು. ಬಾಗಿಲು ಹಾಕಿದ್ದರೂ ಊಟ ಲೆಕ್ಕಕ್ಕೆ ಸೇರುತ್ತದೆ, ಅಡುಗೆ ಆಗಿದೆಯಲ್ಲ. ‘ನಮ್ಮ ತಪ್ಪು’ ಮಾತ್ರ ಸಮ್‌ಇಫ್ಸ್‌ನಿಂದ ಹೊರಗಿರಲಿ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಸಿಗ್ನಲ್ ಇಲ್ಲದಿದ್ದರೂ ಒತ್ತಿದ್ದು ಫೋನಿನಲ್ಲೇ ಉಳಿದು, ಆಮೇಲೆ ಶೀಟಿಗೆ ಹೋಗುತ್ತದೆ.

ಇಲ್ಲಿ ಮೂರು ಕಡೆ ಎಚ್ಚರ ಬೇಕು. ಪ್ರತಿ ಸಾಲಿಗೂ ಬದಲಾಗದ ಒಂದು ಗುರುತಿನ ಸಂಖ್ಯೆ ಕೊಡಿ, ಸಾಲಿನ ಕ್ರಮಸಂಖ್ಯೆಯನ್ನೇ ಗುರುತಾಗಿ ಇಟ್ಟರೆ ಮಧ್ಯದ ಒಂದು ಸಾಲು ಅಳಿಸಿದ ದಿನ ಇವರ ಡೆಲಿವರಿ ಪಕ್ಕದ ಮನೆಯವರ ಹೆಸರಿಗೆ ಬೀಳುತ್ತದೆ. ಶೀಟಿಗೆ ಹೊಸ ಕಾಲಂ ಸೇರಿಸಿದ ಮೇಲೆ ಆ್ಯಪ್‌ಶೀಟ್‌ನಲ್ಲಿ ಕಾಲಂ ರಚನೆಯನ್ನು ಮತ್ತೆ ಓದಿಸಬೇಕು, ಮರೆತರೆ ಬೆಳಿಗ್ಗೆ ಹನ್ನೊಂದಕ್ಕೆ ಆ್ಯಪ್ ತೆರೆಯುವುದಿಲ್ಲ. ಮತ್ತೆ, ಪಟ್ಟಿಯ ಒಂದು ಭಾಗವನ್ನಷ್ಟೇ ತೋರಿಸುವ ಸ್ಲೈಸ್ ಎಂಬುದು ಬರೀ ಮರೆ, ಬೀಗವಲ್ಲ: ಇಡೀ ಪಟ್ಟಿ ಹುಡುಗನ ಫೋನಿಗೆ ಇಳಿದಿರುತ್ತದೆ. ಅವನ ಇಮೇಲ್ ನೋಡಿ ಅವನ ರೂಟಷ್ಟೇ ಕಳಿಸುವ ಸೆಕ್ಯುರಿಟಿ ಫಿಲ್ಟರ್ ಹಾಕಿ. ಜನರ ಫೋನು, ವಿಳಾಸ ನಿಮ್ಮ ಕೈಯಲ್ಲಿದೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿರುವುದು ಇಂಥದ್ದಕ್ಕೇ.

ದುಡ್ಡು ಸದ್ದಿಲ್ಲದೆ ಸೋರುವುದು ಖಾಲಿ ಡಬ್ಬಿಯಲ್ಲಿ. ಒಂದು ಊಟಕ್ಕೆ ಎರಡು ಸ್ಟೀಲ್ ಡಬ್ಬಿ ಬೇಕು, ಒಂದು ಗಿರಾಕಿ ಮನೆಯಲ್ಲಿ, ಇನ್ನೊಂದು ನಿಮ್ಮಲ್ಲಿ. 53 ಡಬ್ಬಿಯ ವ್ಯವಹಾರಕ್ಕೆ 106, ಮೇಲೆ ಹತ್ತು ಹೆಚ್ಚುವರಿ. ಮದುವೆ ಪಾತ್ರೆಗೆ ಹೆಸರು ಹೊಡೆಸುತ್ತೇವಲ್ಲ, ಹಾಗೆ ಪಾತ್ರೆ ಅಂಗಡಿಯಲ್ಲಿ ಪ್ರತಿ ಡಬ್ಬಿಗೂ ನಂಬರ್ ಹೊಡೆಸಿ, ಮುಚ್ಚಳಕ್ಕೂ ಅದೇ ನಂಬರ್. ಸ್ಟಿಕರ್ ಅಂಟಿಸಿದರೆ ನಾಲ್ಕನೇ ತೊಳೆತಕ್ಕೆ ಕಿತ್ತುಬರುತ್ತದೆ. ಎರಡು ಖಾಲಿ ಡಬ್ಬಿ ಬಾಕಿ ಇರುವ ಮನೆಯ ಸಾಲು ಆ್ಯಪಿನಲ್ಲಿ ಕೆಂಪಾಗಲಿ.

ರೂಟು ಮಾಡುವಾಗ ಕುವೆಂಪುನಗರ, ರಾಮಕೃಷ್ಣನಗರ, ಸರಸ್ವತೀಪುರಂ ಒಂದು ಸುತ್ತು, ಗೋಕುಲಂ, ವಿಜಯನಗರ, ಹೆಬ್ಬಾಳ ಇನ್ನೊಂದು. ಒಬ್ಬನೇ ಎರಡನ್ನೂ ಹೊತ್ತರೆ ಕೊನೆಯ ಮನೆಯ ಮುದ್ದೆ ಕಲ್ಲಾಗಿರುತ್ತದೆ. ಜಂಬೂಸವಾರಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗಿನ ದಾರಿಯಲ್ಲಿ ಗಾಡಿ ಓಡುವುದಿಲ್ಲ, ದಸರಾ ರಜೆಗೆ ಪಿಜಿ ಮಕ್ಕಳೂ ಊರಿಗೆ ಹೋಗಿರುತ್ತಾರೆ. ಇಂಥ ಬಂದ್ ದಿನಗಳಿಗೆ ಪುಟ್ಟದೊಂದು ಹಾಳೆ ಇಟ್ಟು ವರ್ಷದ ಆರಂಭದಲ್ಲೇ ತುಂಬಿ.

ದುಡ್ಡು

ಆನ್‌ಲೈನ್ ಪಾವತಿ ಪಡೆದುಕೊಡುವ ಪೇಮೆಂಟ್ ಗೇಟ್‌ವೇ ಸಾಮಾನ್ಯವಾಗಿ 2% ಶುಲ್ಕ, ಅದರ ಮೇಲೆ 18% ಜಿಎಸ್‌ಟಿ ತೆಗೆದುಕೊಳ್ಳುತ್ತದೆ. 2,340ಕ್ಕೆ ಅದು 55 ರೂಪಾಯಿ 22 ಪೈಸೆ, ಅರ್ಧ ಊಟಕ್ಕಿಂತ ಹೆಚ್ಚು. ನೂರು ಗಿರಾಕಿಯವರೆಗೆ ಯುಪಿಐ ಕ್ಯೂಆರ್ ಸಾಕು. ಆದರೆ ಸ್ಕ್ರೀನ್‌ಶಾಟ್ ನಂಬಿ ‘ಹಣ’ ಹಾಳೆಗೆ ಸಾಲು ಸೇರಿಸಬೇಡಿ. ಬ್ಯಾಂಕ್ ಖಾತೆಯಲ್ಲಿ ಕಂಡ 12 ಅಂಕಿಯ ಯುಟಿಆರ್ ಮಾತ್ರ ನಿಜ, ಅದೇ ಯುಟಿಆರ್ ಎರಡನೇ ಸಲ ಬಂದರೆ ಚೌಕ ಕೆಂಪಾಗುವಂತೆ ಬಣ್ಣದ ನಿಯಮ ಹಾಕಿ.

ವಾಟ್ಸಾಪ್ ಬಿಸಿನೆಸ್‌ನ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ‘ಮೆನು ಬರಲೇ ಇಲ್ಲ’ ಎಂಬ ದೂರಿಗೆ ಕಾರಣ ಹೆಚ್ಚಾಗಿ ಇದೇ. ಮೆಸೇಜು ತಾನಾಗಿ ಕಳಿಸುವ ಅನಧಿಕೃತ ಸಾಫ್ಟ್‌ವೇರಿನ ಸಹವಾಸ ಬೇಡ, ನಂಬರ್ ಬ್ಯಾನ್ ಆದರೆ ಗಿರಾಕಿಗಳೂ ಅದರ ಜೊತೆಗೇ ಹೋಗುತ್ತಾರೆ.

ಕಾನೂನಿನ ಗೆರೆಗಳನ್ನು ಗಿರಾಕಿ ಲೆಕ್ಕದಲ್ಲೇ ನೆನಪಿಡಿ. ವರ್ಷವಿಡೀ ತಿಂಗಳಿಗೊಂದು ಕಟ್ಟು ಕೊಳ್ಳುವ ಗಿರಾಕಿಯಿಂದ ಬರುವುದು 28,080. ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐನಲ್ಲಿ ಸಣ್ಣ ವಹಿವಾಟಿಗೆ ಬರೀ ನೋಂದಣಿ ಸಾಕು. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಗೆರೆ 20 ಲಕ್ಷ, 72ನೇ ಗಿರಾಕಿಗೆ ಆ ಮೊತ್ತ ದಾಟುತ್ತದೆ. ಮುಂದೆ ಕೇಂದ್ರ ಸರ್ಕಾರದ ಕೈಗಾರಿಕಾ ಇಲಾಖೆ ಡಿಪಿಐಐಟಿಯ ಸ್ಟಾರ್ಟಪ್ ಮಾನ್ಯತೆ ಬೇಕೆಂದರೆ ಒಬ್ಬರ ಹೆಸರಿನ ಅಂಗಡಿ ನಡೆಯುವುದಿಲ್ಲ, ಪ್ರೈವೇಟ್ ಲಿಮಿಟೆಡ್, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ), ನೋಂದಾಯಿತ ಪಾಲುದಾರಿಕೆಯಂಥದ್ದು ಇರಬೇಕು.

ಬೇರೆ ಟೂಲ್ ಯಾವಾಗ

50 ಡಬ್ಬಿ, 26 ದಿನ ಅಂದರೆ ತಿಂಗಳಿಗೆ 1,300 ಡೆಲಿವರಿ ಸಾಲು. ಶೀಟಿನಂತೆಯೇ ದತ್ತಾಂಶ ಇಡುವ ಏರ್‌ಟೇಬಲ್‌ನ ಉಚಿತ ಯೋಜನೆಯಲ್ಲಿ ಒಂದು ಬೇಸ್‌ಗೆ 1,000 ದಾಖಲೆ, ತಿಂಗಳು ಮುಗಿಯುವ ಮೊದಲೇ ಭರ್ತಿ. ಒಂದು ಟೂಲಿನಿಂದ ಇನ್ನೊಂದಕ್ಕೆ ಕೆಲಸ ತಾನಾಗಿ ದಾಟಿಸುವ ಝೇಪಿಯರ್‌ನ ತಿಂಗಳ ಉಚಿತ 100 ಟಾಸ್ಕ್ ಎರಡೇ ದಿನಕ್ಕೆ ಖಾಲಿ. ಗೂಗಲ್ ಶೀಟಿನ ಮಿತಿ 1 ಕೋಟಿ ಚೌಕ, ವರ್ಷಕ್ಕೆ 15,600 ಸಾಲು ಅದಕ್ಕೆ ಲೆಕ್ಕಕ್ಕೇ ಇಲ್ಲ. ನಿಧಾನವಾದರೆ ಕಾರಣ ಸೂತ್ರಗಳು, ಕಟ್ಟು ಮುಗಿಸಿ ಬಿಟ್ಟುಹೋದ ಗಿರಾಕಿಗಳನ್ನೂ ಅವರ ಸಾಲುಗಳನ್ನೂ ಬೇರೆ ಶೀಟಿಗೆ ಸಾಗಿಸಿ. ಕೋಡ್ ಬರೆಯದೆ ಪೂರ್ತಿ ಆ್ಯಪ್ ಕಟ್ಟುವ ಬಬಲ್‌ನಂಥ ದೊಡ್ಡ ಟೂಲಿಗೆ ಹೋಗುವುದು ಎರಡನೇ ಅಡುಗೆಮನೆ ತೆರೆದಾಗ. ಅಲ್ಲಿಂದ ದತ್ತಾಂಶ ಹೊರತರಬಹುದು, ಕಟ್ಟಿದ ಆ್ಯಪನ್ನು ಕೋಡ್ ರೂಪದಲ್ಲಿ ತರಲಾಗುವುದಿಲ್ಲ, ಅದು ಗೊತ್ತಿದ್ದೇ ಕಾಲಿಡಿ. ಗಿರಾಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಎರಡನೇ ಕಟ್ಟು ಕೊಳ್ಳದಿದ್ದರೆ ಯಾವ ಟೂಲೂ ಬೇಡ, ಸಾರು ನೋಡಿ.

ಶೀಟು, ಫಾರ್ಮ್, ಆ್ಯಪ್‌ಶೀಟ್ ಮೂರೂ ವ್ಯವಹಾರದ ಹೆಸರಿನ ಒಂದೇ ಜಿಮೇಲ್‌ನಲ್ಲಿರಲಿ, ಮಾಡಿಕೊಟ್ಟ ಅಕ್ಕನ ಮಗನ ಜಿಮೇಲ್‌ನಲ್ಲಲ್ಲ. ಪ್ರತಿ ಭಾನುವಾರ ಶೀಟಿನ ಒಂದು ಪ್ರತಿ ಇಳಿಸಿಕೊಳ್ಳಿ. ಆ ಖಾತೆಗೆ ಎರಡು ಹಂತದ ಭದ್ರತೆ ಹಾಕಿದಾಗ ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಗ್ಯಾಸ್ ಪುಸ್ತಕದ ಜೊತೆ ಇಡಿ.