ಬೀದಿನಾಯಿ ಬರ್ಲಿನ್‌ನಲ್ಲಿ ಒಬ್ಬಳೇ ಮನೆಯಲ್ಲಿರಲು ಕಲಿತದ್ದು: ನನ್ನ ಅನುಭವ

ಕೆಂಪಿಯನ್ನು ಈಗ ನಾಲ್ಕು ಗಂಟೆ ಹೊತ್ತು ಮನೆಯಲ್ಲಿ ಒಬ್ಬಳನ್ನೇ ಬಿಟ್ಟು ಹೋಗಬಹುದು. ಊಳಿಡಲ್ಲ, ಬಾಗಿಲು ಕೆರೆಯಲ್ಲ. ಬೆಂಗಳೂರಿನ ಹನುಮಂತನಗರದ ಬೀದಿಯಲ್ಲಿ ಸಿಕ್ಕಿದ ನಾಯಿ ಬರ್ಲಿನ್ನಿನ ಮೂರನೇ ಮಹಡಿಯಲ್ಲಿ ಹೀಗೆ ಮಲಗಿರುತ್ತದೆ ಅಂದರೆ ಯಾರೂ ನಂಬುತ್ತಿರಲಿಲ್ಲ. ನಮ್ಮ ಮಾವನಂತೂ, "ಅಲ್ಲಪ್ಪಾ, ಬೀದೀಲಿ ಬೆಳೆದಿದ್ದನ್ನ ಗೂಡಲ್ಲಿ ಹಾಕ್ತೀಯಾ, ಅದು ಹುಚ್ಚು ಹಿಡ್ಕೊಂಡು ಸಾಯತ್ತೆ" ಅಂದಿದ್ದರು. ಈಗ ಅವರಿಗೆ ವಾರಕ್ಕೊಂದು ಕ್ಯಾಮೆರಾ ವಿಡಿಯೋ ಕಳಿಸುತ್ತೇನೆ, ಬೇಕಂತಲೇ.

ನಾಯಿಯನ್ನು ಬೆಂಗಳೂರಿನಿಂದ ಜರ್ಮನಿಗೆ ತರಲು ಚಿಪ್, ರೇಬಿಸ್ ಚುಚ್ಚುಮದ್ದು, ಟೈಟರ್ (ಆ ಚುಚ್ಚುಮದ್ದು ಫಲಿಸಿದೆಯೇ ಎಂದು ನೋಡುವ ರಕ್ತಪರೀಕ್ಷೆ), ಕ್ವಾರಂಟೈನ್ ಕಚೇರಿಯ ಪ್ರಮಾಣಪತ್ರ ಇವೆಲ್ಲ ಬೇಕು. ಒಂದೇ ಮಾತು ಹೇಳುತ್ತೇನೆ. ಏಜೆಂಟ್ ಒಬ್ಬರು ಮೂರು ಲಕ್ಷದ ಮೇಲೆ ಕೇಳಿದ್ದರು. ನಾನೇ ಓಡಾಡಿ ಮಾಡಿದ್ದಕ್ಕೆ ಎಲ್ಲಾ ಸೇರಿ ಒಂದು ಲಕ್ಷದ ಆಸುಪಾಸಿನಲ್ಲಿ ಮುಗಿಯಿತು: ಟೈಟರಿಗೆ ರಕ್ತದ ಸೀರಮ್ ಹೊರದೇಶದ ಲ್ಯಾಬಿಗೆ ಕಳಿಸಲು ಹದಿನೈದಿಪ್ಪತ್ತು ಸಾವಿರ, ವಿಮಾನದಲ್ಲಿ ನಾಯಿ ಕೂರುವ ಪೆಟ್ಟಿಗೆಗೆ, ಅಂದರೆ ಕ್ರೇಟಿಗೆ, ಸುಮಾರು ಅಷ್ಟೇ, ವಿಮಾನಕ್ಕೆ ನಲವತ್ತರ ಹತ್ತಿರ, ಉಳಿದದ್ದು ಆಟೋ, ಜೆರಾಕ್ಸ್, ಡಾಕ್ಟರ ಫೀಸು. ಟೈಟರ್ ಬೇಕಾದ 0.5ರ ಮಟ್ಟ ದಾಟಿದರೂ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಲೇಬೇಕಲ್ಲ, ಆ ಮೂರು ತಿಂಗಳೂ ಅವಳಿಗೆ ಕ್ರೇಟಿನಲ್ಲೇ ಊಟ. ಹಾಲ್‌ನ ಮಧ್ಯೆ ಅದನ್ನಿಟ್ಟು, ಒಳಗೆ ಅಮ್ಮನ ಹಳೇ ಹತ್ತಿ ಸೀರೆ ಹಾಸಿದ್ದೆವು, ಒಗೆಯದೇ ಇದ್ದದ್ದು. ಕೊನೆಕೊನೆಗೆ ಕರೆಯದಿದ್ದರೂ ತಾನೇ ಹೋಗಿ ಮಲಗುತ್ತಿದ್ದಳು.

ಫ್ರಾಂಕ್‌ಫರ್ಟ್‌ನಲ್ಲಿ ಇಳಿದು, ಕ್ರೇಟಿನ ಮೇಲರ್ಧ ಬಿಚ್ಚಿ ಕೆಳಗಿನರ್ಧದೊಳಗೆ ಕೂರಿಸಿ, ಐಸಿಇ ಅನ್ನುವ ವೇಗದ ರೈಲಿನಲ್ಲಿ ಬರ್ಲಿನ್‌ಗೆ ಬಂದೆವು. ದೊಡ್ಡ ನಾಯಿಗೆ ಅರ್ಧ ಟಿಕೆಟ್, ಬಾಯಿಗೆ ಕುಕ್ಕೆ. ಕುಕ್ಕೆಯನ್ನೂ ಬೆಂಗಳೂರಲ್ಲೇ ಅಭ್ಯಾಸ ಮಾಡಿಸಿಬಿಡಿ. ಇಲ್ಲಿ ಬಂದು ಒಮ್ಮೆಲೇ ಹಾಕಿದರೆ ಪಜೀತಿ.

ಮನೆ ಹುಡುಕುವವರಿಗೆ: ಬಾಡಿಗೆ ಕರಾರಿನಲ್ಲಿ ನಾಯಿ ಬೆಕ್ಕು ಸಾರಾಸಗಟಾಗಿ ಬೇಡ ಅನ್ನುವ ಷರತ್ತು ನಡೆಯದು ಎಂದು 2013ರಲ್ಲೇ ಇಲ್ಲಿನ ಮೇಲಿನ ಕೋರ್ಟು ಹೇಳಿದೆ. ಅದನ್ನು ಓನರ್ ಮುಂದೆ ಹಿಡಿದರೆ ಮನೆ ಸಿಗುತ್ತದೆ ಅಂದುಕೊಳ್ಳಬೇಡಿ, ನಲವತ್ತು ಅರ್ಜಿಯಲ್ಲಿ ನಿಮ್ಮದು ಮೊದಲು ಕಸದ ಬುಟ್ಟಿಗೆ. ನಾನು ಕೆಂಪಿಗೊಂದು ಬಯೋಡೇಟಾ ಮಾಡಿದೆ, ಫೋಟೋ ಸಮೇತ. ಅದರ ಕೊನೆಯ ಸಾಲಿನಿಂದಲೇ ನಮಗೆ ಮನೆ ಸಿಕ್ಕಿದ್ದು. ಆ ಸಾಲು ಇಲ್ಲಿ ಬರೆಯಲ್ಲ. ಎಲ್ಲರೂ ಹಾಕಿದರೆ ಅದಕ್ಕೆ ಬೆಲೆಯಿರಲ್ಲ.

ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಹನುಮಂತನಗರದ ಮನೆಯಲ್ಲಿ ಅಜ್ಜಿ, ಅಮ್ಮ, ಕೆಲಸದವರು, ಸೊಪ್ಪಿನವಳು, ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ನಮ್ಮ ಮನೆಗೆ ಬಂದಂದಿನಿಂದ ಆ ನಾಯಿ ಒಬ್ಬಳೇ ಇದ್ದದ್ದೇ ಇಲ್ಲ. ಇಲ್ಲಿ ನಾನು ಬಾಗಿಲು ಹಾಕಿ ಹೋದರೆ ಊಳಿಡುವುದು ಒಳಗಿನ ಅಂಗಳದಲ್ಲಿ ಮೊಳಗಿ ಕಟ್ಟಡಕ್ಕೆಲ್ಲ ಕೇಳುತ್ತಿತ್ತು. ಎರಡನೇ ವಾರಕ್ಕೆ ಬಾಗಿಲಿಗೆ ಚೀಟಿ. ಬೈಗುಳವಿಲ್ಲ, ಬರೀ ವೇಳಾಪಟ್ಟಿ: ಮಂಗಳವಾರ 9.10ರಿಂದ 9.50, ಗುರುವಾರ 17.30ರಿಂದ 18.15. ಕೆಳಗೆ ನಗುಮುಖದ ಚಿತ್ರ. ಬೈದಿದ್ದರೇ ವಾಸಿ ಇತ್ತು.

ರೇಡಿಯೋ ಹಾಕಿ ನೋಡಿದೆ, ರೇಡಿಯೋ ಜೊತೆ ಊಳಿಟ್ಟಳು. ನಾಯಿಯನ್ನು ಸಮಾಧಾನ ಮಾಡುತ್ತದೆ ಅನ್ನುವ, ಪ್ಲಗ್ಗಿಗೆ ಹಾಕುವ ಫೆರೊಮೋನ್ ಬಾಟಲಿಗೆ 30 ಯೂರೋ ಹೋಯಿತು. ರಬ್ಬರ್ ಆಟಿಕೆಯೊಳಗೆ ಕಡಲೆಕಾಯಿ ಬೆಣ್ಣೆ ಇಟ್ಟರೆ ಮೊದಲು ಅದನ್ನು ಪೂರ್ತಿ ನೆಕ್ಕಿ ಮುಗಿಸಿ, ಆಮೇಲೆ ಊಳಿಡುತ್ತಿದ್ದಳು. ನಾಯಿ ಡೇಕೇರ್ ದಿನಕ್ಕೆ 25-30 ಯೂರೋ, ತಿಂಗಳಿಡೀ ಕಳಿಸಿದರೆ ಬಾಡಿಗೆಯ ಅರ್ಧ. ತರಬೇತುದಾರರೊಬ್ಬರು ಒಂದು ಗಂಟೆಗೆ 80ರಷ್ಟು ತೆಗೆದುಕೊಂಡು, ಹೊರದೇಶದ ಬೀದಿನಾಯಿಗೆ ಇದು ಕಡೆಗೂ ಬರದೇ ಇರಬಹುದು, ಇನ್ನೊಂದು ನಾಯಿ ತಂದುಬಿಡಿ ಅಂದರು. ಸಹೋದ್ಯೋಗಿಯೊಬ್ಬ ಕರೆಂಟ್ ಕಾಲರ್ ಸೂಚಿಸಿದ. ಅದು ಇಲ್ಲಿ ಕಾನೂನುಬಾಹಿರ, ಅಲ್ಲದಿದ್ದರೂ ಹಾಕುತ್ತಿರಲಿಲ್ಲ.

ದಾರಿ ತೋರಿಸಿದ್ದು ಕ್ಯಾಮೆರಾ. ಮೂರ್ನಾಲ್ಕು ದಿನದ ರೆಕಾರ್ಡಿಂಗ್ ಕೂತು ನೋಡಿದೆ. ನಾನು ಮನೆ ಬಾಗಿಲು ಎಳೆದುಕೊಂಡಾಗ ಅವಳು ಊಳಿಡುತ್ತಲೇ ಇರಲಿಲ್ಲ. ಕಿವಿ ನಿಮಿರಿಸಿ, ತಲೆ ಒಂದಿಷ್ಟು ವಾಲಿಸಿ, ಮೆಟ್ಟಿಲ ಮೇಲೆ ನನ್ನ ಹೆಜ್ಜೆ ಇಳಿಯುವುದನ್ನು ಕೇಳುತ್ತಾ ಕೂತಿರುತ್ತಿದ್ದಳು. ಕೆಳಗೆ ಬೀದಿಬಾಗಿಲು ಧಡ್ ಅಂತ ಬಿದ್ದ ಮರುಕ್ಷಣ ಶುರು. ಹಳೇ ಕಟ್ಟಡದ ಮರದ ಭಾರೀ ಬಾಗಿಲು ಅದು. ಎಲ್ಲರೂ ಮನೆ ಬಾಗಿಲಿನ ಮುಂದೆ ಅಭ್ಯಾಸ ಮಾಡಿಸುತ್ತಾರೆ, ಇವಳಿಗೆ ಬೇಕಾಗಿದ್ದು ಆ ಬಾಗಿಲಿನ ಅಭ್ಯಾಸ.

ಸರಿ, ಮೂರು ಮಹಡಿ ಇಳಿ, ಬಾಗಿಲು ಬೀಳಿಸು, ಮೇಲೆ ಹತ್ತು. ಮತ್ತೆ ಇಳಿ. ಲಿಫ್ಟ್ ಇಲ್ಲ. ಫೋನಿನಲ್ಲಿ ಕ್ಯಾಮೆರಾ ನೋಡುತ್ತಾ, ಅವಳ ಬಾಯಿ ತೆರೆಯುವ ಮುಂಚೆ ವಾಪಸ್. ಮೊದಲು ಅರ್ಧ ನಿಮಿಷವೂ ಇಲ್ಲ. ಆಮೇಲೆ ಒಂದು ನಿಮಿಷ, ನಾಲ್ಕು, ಮತ್ತೆ ಎರಡು, ಏಳು, ಮೂರು. ಏರಿಸುತ್ತಲೇ ಹೋದರೆ ಅವಳಿಗೆ ಲೆಕ್ಕ ಸಿಕ್ಕಿಬಿಡುತ್ತದೆ. ಈ ಅವಧಿಯಲ್ಲಿ ಅಭ್ಯಾಸದ ಹೊರಗೆ ಅವಳನ್ನು ಒಬ್ಬಳನ್ನೇ ಬಿಡಲೇಬಾರದು, ಡೇಕೇರಿಗೆ ದುಡ್ಡು ಸುರಿದದ್ದು ಅದಕ್ಕೇ. ಇಪ್ಪತ್ತು ನಿಮಿಷದ ಹತ್ತಿರ ತಿಂಗಳುಗಟ್ಟಲೆ ನಿಂತುಬಿಟ್ಟಿತು. ನಲವತ್ತು ದಾಟಿದ ಮೇಲೆ ನೋಡಿ, ಎರಡು ವಾರದಲ್ಲಿ ಎರಡು ಗಂಟೆ. ಹೊರಡುವ ಐದು ನಿಮಿಷ ಮುಂಚೆ ನಾನು ಮಾಡುವ ಇನ್ನೊಂದು ಕೆಲಸವಿದೆ, ಅದು ಸದ್ಯ ನನ್ನ ಹತ್ತಿರವೇ ಇರಲಿ. ನನ್ನ ತೂಕ ನಾಲ್ಕು ಕೆಜಿ ಇಳಿದದ್ದು ಲಾಭ.

ಮಧ್ಯದಲ್ಲೊಂದು ಡಿಸೆಂಬರ್ 31 ಬಂತು. ಇಲ್ಲಿ ಪಟಾಕಿ ಮಾರುವುದೇ ವರ್ಷದ ಕೊನೆಯ ಮೂರು ದಿನ, ಆ ರಾತ್ರಿ ಬರ್ಲಿನ್ ನಮ್ಮ ದೀಪಾವಳಿಯನ್ನು ಮೀರಿಸುತ್ತದೆ. ಎಲ್ಲಾ ಅಭ್ಯಾಸ ತೊಳೆದುಹೋಗಿ ಮತ್ತೆ ಅರ್ಧ ನಿಮಿಷಕ್ಕೆ ಬಂದೆವು. ಊರಲ್ಲಿ ಅಮ್ಮ ದೀಪಾವಳಿಗೆ ಅಡಿಗೆಮನೆಯಲ್ಲಿ ಮಿಕ್ಸಿ ಹಾಕಿಟ್ಟು ಅವಳನ್ನು ಪಕ್ಕ ಕೂರಿಸಿಕೊಳ್ಳುತ್ತಿದ್ದರು. ಇಲ್ಲಿ ಕಿಟಕಿಯಿಲ್ಲದ ಬಚ್ಚಲಿನಲ್ಲಿ ವಾಷಿಂಗ್ ಮಷಿನ್ ಓಡಿಸಿ ಕೂತೆ. ತಕ್ಕಮಟ್ಟಿಗೆ ಆಯಿತು. ಮರುವರ್ಷ ಪಟಾಕಿ ತಪ್ಪಿಸಲು ಬರ್ಲಿನ್ ಸುತ್ತಲಿನ ಬ್ರಾಂಡೆನ್‌ಬುರ್ಗ್ ರಾಜ್ಯದ ಹಳ್ಳಿಯೊಂದರಲ್ಲಿ ರೂಮು ಹಿಡಿದೆ.

ಊಟದ ಪ್ರಯೋಗವೂ ನಡೆಯಿತು. ಇಂಡಿಯನ್ ಅಂಗಡಿಯ ರಾಗಿಹಿಟ್ಟು ಕೆಜಿಗೆ ಐದಾರು ಯೂರೋ, ಅದರ ಬದಲು ಬಕ್‌ವೀಟ್ ಅನ್ನುವ ಧಾನ್ಯದ ಹಿಟ್ಟಿನ ಅಂಬಲಿ ಮಾಡಿದೆ. ಮೂಸಿ ನೋಡಿ ಹೊರಟುಹೋದಳು. ಮೊಸರಿನ ಬದಲು ಇಲ್ಲಿನ ಕ್ವಾರ್ಕ್ (ಗಟ್ಟಿ ಮೊಸರಿನಂಥದ್ದು) ಕಲಸಿದ ರಾಗಿ ಅಂಬಲಿಯಾದರೆ ತಟ್ಟೆ ತೊಳೆಯುವುದೇ ಬೇಡ. ಚಳಿಗೆ 40 ಯೂರೋ ಬೂಟು ಕೊಂಡೆ, ಅಲ್ಲಾಡದೆ ನಿಂತುಬಿಟ್ಟಳು. ಹಿಮದಲ್ಲಿ ಜಾರದಿರಲೆಂದು ಫುಟ್‌ಪಾತಿಗೆ ಚೆಲ್ಲುವ ಜಲ್ಲಿಪುಡಿ ಬೆರಳ ಸಂದಿಗೆ ಸೇರಿ ಕುಂಟುತ್ತಾಳೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಅದನ್ನೇ ನೆಕ್ಕುತ್ತಾಳೆ, ಈಗ ವ್ಯಾಸಲೀನ್.

ಉಣ್ಣೆ (ಉಣುಗು) ಕಚ್ಚಿ ಬರುವ ಜ್ವರದ ಹಳೇ ರಿಪೋರ್ಟುಗಳಿದ್ದರೆ ತಪ್ಪದೆ ತನ್ನಿ. ಎರ್ಲಿಕಿಯಾ ಅನ್ನುವ ಈ ಜ್ವರ ನಮ್ಮೂರ ಡಾಕ್ಟರಿಗೆ ದಿನಾ ಕಾಣುವ ಕಾಯಿಲೆ, ಇಲ್ಲಿನವರು ಅದನ್ನು ಅಷ್ಟಾಗಿ ಕಂಡಿರುವುದಿಲ್ಲ. ರಿಪೋರ್ಟ್ ಇದ್ದದ್ದರಿಂದ ನೂರೈವತ್ತು ಯೂರೋದ ರಕ್ತಪರೀಕ್ಷೆ ಎರಡನೇ ಸಲ ಮಾಡಿಸುವುದು ತಪ್ಪಿತು. ರಾತ್ರಿ ತುರ್ತಿಗೆ ಹೋದರೆ ಫೀಸು ನಾಲ್ಕು ಪಟ್ಟಿನವರೆಗೂ ಏರಬಹುದು, ಮೇಲೆ 50 ಯೂರೋ ಬೇರೆ. ನಾಯಿ ತೆರಿಗೆ ವರ್ಷಕ್ಕೆ 120 ಯೂರೋ, ನಾಯಿಯಿಂದಾಗುವ ಹಾನಿಗೆ ಹೊಣೆಗಾರಿಕೆ ವಿಮೆ ಬರ್ಲಿನ್‌ನಲ್ಲಿ ಕಡ್ಡಾಯ.

ನಾಲ್ಕು ಗಂಟೆ ದಾಟಿಸುವ ಆಸೆ ನನಗಿಲ್ಲ, ಅವಳಿಗೂ ಹೊರಗೆ ಹೋಗಬೇಕಲ್ಲ. ಆಫೀಸಿಗೆ ಹೋಗುವ ಎರಡು ದಿನ ಮಾತ್ರ ಡೇಕೇರ್, ತಿಂಗಳಿಗೆ 200 ಚಿಲ್ಲರೆ ಯೂರೋ. ಭಾನುವಾರ ಗ್ರುನೆವಾಲ್ಡ್ ಕಾಡಿನಲ್ಲಿ ಹಗ್ಗ ಬಿಚ್ಚಿ ಬಿಡುತ್ತೇನೆ. ಕೆರೆಗೆ ಮಾತ್ರ ಇನ್ನೂ ಇಳಿದಿಲ್ಲ, ಈ ಬೇಸಿಗೆಗೆ ಅದೇ ಪ್ರಯೋಗ.